ಸಾಹೇಬನಿಗೆ ನಿದ್ದೆಯಿಲ್ಲ

ನೆಲಮಾಳಿಗೆಯ ಕೋಣೆ,
ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ನಿನ್ನ ಚಿಕ್ಕಪ್ಪ ಇಷ್ಟು ದೂರದಿಂದ ನಿನ್ನ ತಲೆ ಮೇಲೆ ಕೈಯಿಟ್ಟಿದ್ದಾನೆ ಅಂದುಕೋ. ಹೇಗಿದ್ದೀಯ? ಅಣ್ಣ ಹೇಗಿದ್ದಾನೆ? ಕಣ್ಣಿನ ಔಷಧಿಯನ್ನು ಈಗಲೂ ಕೆನ್ನೆಗೇ ಬಿಟ್ಟುಕೊಂಡು "ಬಿತ್ತು, ಬಿತ್ತು" ಅನ್ನುತ್ತಾನಾ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಇಲ್ಲಿಯ ಕನ್ನಡಿ ಚಿಕ್ಕದು, ನನ್ನ ಮುಖವನ್ನು ಎರಡು ಕಂತಿನಲ್ಲಿ ನೋಡಿಕೊಳ್ಳಬೇಕು, ಅಷ್ಟೇ ತೊಂದರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಅಣ್ಣನಿಗೆ ಓದಿ ಹೇಳುವಾಗ, "ಇದನ್ನು ಬಿಡು" ಅಂತ ಎಲ್ಲಿ ಬರೆದಿದ್ದೇನೋ ಅಲ್ಲಿ ಸಣ್ಣಗೆ ಕೆಮ್ಮಿ ಮುಂದಕ್ಕೆ ಹೋಗು. ಗಡಿಯಾರ ರಿಪೇರಿ ಮಾಡಿ ಮಾಡಿ ಅವನ ಕಣ್ಣು ಮಂಜಾಯಿತೇ ಹೊರತು ಕಿವಿ ಇನ್ನೂ ಹೊಸದಾಗಿಯೇ ಇದೆ. ಹುಷಾರಾಗಿ ಕೆಮ್ಮು.

ರೈಲು ಓಡಿಸುವ ತರಬೇತಿಗೆ ನೀನು ಆಯ್ಕೆಯಾದ ಸುದ್ದಿ ಓದಿ ನಾನು ಲಾಂಡ್ರಿಯಲ್ಲಿ ಯಂತ್ರಗಳ ಸದ್ದನ್ನೂ ಮೀರಿಸಿ ಕೂಗಿದೆ. ನಮ್ಮ ವಂಶದಲ್ಲಿ ಸೈಕಲ್ಲನ್ನೂ ನೆಟ್ಟಗೆ ಓಡಿಸಿದವರಿಲ್ಲ. ಈಗ ನೋಡು, ಒಂದು ಊರಿನಷ್ಟು ಜನರನ್ನು ಬೆನ್ನಿಗೆ ಕಟ್ಟಿಕೊಂಡು ನಮ್ಮ ಗುಬ್ಬಿ ಹೋಗುತ್ತಾಳೆ! ಈ ಧೈರ್ಯ ನಿನಗೆ ನನ್ನ ಕಡೆಯಿಂದ ಬಂದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, "ಚಿಕ್ಕಪ್ಪ, ನೀನು ಬಂದು ಅಪ್ಪನ ಜೊತೆ ಇದ್ರೆ ಹೋಗ್ತೀನಿ, ಇಲ್ಲಾಂದ್ರೆ ಬಿಟ್ಟುಬಿಡ್ತೀನಿ" ಅಂತ, ಆ ಮಾತು ನುಂಗಿದ ಮೀನುಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿದೆ. ಅದಕ್ಕೆ ಉತ್ತರ ಹೇಳುತ್ತೇನೆ, ತಾಳು. ಅದಕ್ಕಿಂತ ಮುಂಚೆ ನಾನು ನಾಯಿಮರಿ ಸಾಕಿದ ಕಥೆ ಕೇಳು.

ಲಾಂಡ್ರಿಯ ಹಿಂದೆ, ಬಟ್ಟೆ ಒಣಗಿಸುವ ಯಂತ್ರದ ಬಿಸಿಗಾಳಿ ಹೊರಬರುವ ಕೊಳವೆಯ ಬಾಯಲ್ಲಿ, ಒಂದು ಬೀದಿನಾಯಿ ಮರಿ ಹಾಕಿತ್ತು. ತಾಯಿ ಎಲ್ಲಿ ಹೋಯಿತೋ, ಉಳಿದ ಮರಿಗಳನ್ನು ಯಾರು ಎತ್ತಿಕೊಂಡು ಹೋದರೋ, ಕೊನೆಗೆ ಒಂದು ಉಳಿಯಿತು. ಊಟದ ಹೊತ್ತಿನಲ್ಲಿ ಎಲ್ಲರೂ ಸುತ್ತ ನಿಂತು ಅಯ್ಯೋ ಪಾಪ ಅನ್ನುತ್ತಿದ್ದರು. ನನ್ನ ಬಾಯಿ ನಿನಗೆ ಗೊತ್ತಲ್ಲ. "ಸರೀರಿ, ಈ ಕೈಯಲ್ಲಿ ಎಷ್ಟು ನಾಯಿ ದೊಡ್ಡದಾಗಿವೆ ಅನ್ಕೊಂಡ್ರಿ? ನಾಯಿ ಸಾಕೋದು ಅಂದ್ರೆ ನನ್ನ ಕೇಳಿ" ಅಂದೆ. ನನ್ನ ಜೊತೆ ಹಾಸಿಗೆ ಬಟ್ಟೆ ಮಡಚುವ ಉದ್ದ ಕೈಯವನು ತಕ್ಷಣ ಮರಿಯನ್ನು ಎತ್ತಿ ನನ್ನ ಎದೆಗೆ ಒತ್ತಿ, "ಹಾಗಿದ್ರೆ ತಗೊಂಡೋಗಪ್ಪಾ, ಇದೂ ದೊಡ್ಡದಾಗಲಿ" ಅಂದುಬಿಟ್ಟ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಹಿಂದಕ್ಕೆ ಹೋಗಲು ದಾರಿ ಎಲ್ಲಿದೆ? ನಮ್ಮ ಮನೆಯ ನಾಯಿ ತನ್ನಷ್ಟಕ್ಕೆ ತಾನೇ ದೊಡ್ಡದಾದದ್ದು, ನಾನು ಅದಕ್ಕೆ ಮಾಡಿದ ಉಪಕಾರವೆಂದರೆ ಅದರ ಬಾಲ ತುಳಿದದ್ದು ಮಾತ್ರ. ಇದನ್ನು ಬಿಡು.

ನನ್ನ ಕೋಣೆಯ ವಿಷಯ ಇಲ್ಲಿಯವರೆಗೆ ನಿನಗೆ ಸರಿಯಾಗಿ ಬರೆದಿರಲಿಲ್ಲ. ಒಂದು ಕೋಣೆ, ಒಂದು ಮಂಚ, ಇಬ್ಬರು ನಾವು. ಇನ್ನೊಬ್ಬ ಬೇಕರಿಯವನು. ಅವನಿಗೆ ರಾತ್ರಿ ಪಾಳಿ, ನನಗೆ ಹಗಲು. ನಾನು ಎದ್ದ ಹಾಸಿಗೆಯ ಬಿಸಿ ಆರುವುದರೊಳಗೆ ಅವನು ಬಂದು ಬೀಳುತ್ತಾನೆ. ಭಾನುವಾರ ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡುವುದು ಬಾಗಿಲಲ್ಲಿ, ಅದೂ ಅವನು ಚಪ್ಪಲಿ ಬಿಡುವಾಗ ನಾನು ಚಪ್ಪಲಿ ಹಾಕಿಕೊಳ್ಳುತ್ತಾ. ಕಿಟಕಿ ಒಂದೇ, ಸೂರಿಗೆ ಅಂಟಿಕೊಂಡ ಹಾಗಿದೆ. ಅದರಲ್ಲಿ ರಸ್ತೆಯಲ್ಲಿ ಹೋಗುವವರ ಪಾದಗಳು ಕಾಣುತ್ತವೆ, ಮುಖ ಕಾಣುವುದಿಲ್ಲ. ಈಗ ಆ ಕಿಟಕಿಯನ್ನೂ ಮುಚ್ಚಿದ್ದೇವೆ. ಯಾಕೆಂದರೆ ಮೇಲೆ ಮನೆಯೊಡತಿ ಇದ್ದಾಳೆ, ಪ್ರಾಣಿ ಸಾಕಿದರೆ ಮನುಷ್ಯರೂ ಹೊರಗೆ ಅನ್ನುವುದು ಅವಳ ಕಾನೂನು. ಮರಿ ಕುಂಯ್ ಅಂದರೆ ಕೇಳಿಸಬಾರದು ಅಂತ ರೇಡಿಯೋ ಹಾಕುತ್ತಿದ್ದೆವು. ರೇಡಿಯೋ ಜೋರಾಯಿತು ಅಂತ ಅವಳು ಕೋಲಿನಿಂದ ನೆಲ ಕುಟ್ಟುತ್ತಿದ್ದಳು. ಅವಳು ಕುಟ್ಟಿದಾಗ ಮರಿ ಬೊಗಳುತ್ತಿತ್ತು. ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು.

ಮರಿಗೆ ನಾನು ಸಾಹೇಬ ಅಂತ ಹೆಸರಿಟ್ಟೆ, ಏನೂ ಕೆಲಸ ಮಾಡದೆ ಎಲ್ಲರನ್ನೂ ಓಡಾಡಿಸುತ್ತದಲ್ಲ, ಅದಕ್ಕೆ. ಬೇಕರಿಯವನು ಅದನ್ನು ಬನ್ನು ಅನ್ನುತ್ತಾನೆ. ಎರಡು ಹೆಸರಿಗೂ ಓಡಿ ಬರುತ್ತದೆ, ಸ್ವಾಭಿಮಾನವಿಲ್ಲದ್ದು. ನಾನು ಸಂಜೆ ಬಾಗಿಲು ತೆಗೆದರೆ ಸಾಕು, ನನ್ನ ಕಾಲಿಗೆ ಸುತ್ತಿಕೊಂಡು ಕುಣಿಯುತ್ತಿತ್ತು. ದಿನವಿಡೀ ಬಿಳಿ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಸೇರಿಸಿ ಬಂದ ಕೈಗೆ ಒಂದು ಜೀವ ಸಿಕ್ಕರೆ ಬಿಡುತ್ತೇನೆಯೇ? ಕಾಲುಚೀಲದ ಚೆಂಡು ಎಸೆಯುವುದು, ಹೊಟ್ಟೆ ಕೆರೆಯುವುದು, ನಿನ್ನ ಪತ್ರ ಅದಕ್ಕೂ ಓದಿ ಹೇಳುವುದು. ಮಲಗಿದಾಗ ನಾನು ಮಗ್ಗುಲು ಬದಲಿಸಿದರೂ ಎದ್ದು ಕೂತು ನನ್ನ ಮೂಗು ನೆಕ್ಕುತ್ತಿತ್ತು. "ನೋಡ್ರೀ, ನಾನಿದ್ರೆ ಅದು ಕಣ್ಣೇ ಮುಚ್ಚಲ್ಲ" ಅಂತ ಲಾಂಡ್ರಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆ.

ಆಮೇಲೆ ಒಂದು ದಿನ ಬೆಳಿಗ್ಗೆ ಅದು ಹಾಲಿನ ತಟ್ಟೆಯಲ್ಲಿ ಮುಖವಿಟ್ಟದ್ದು ಹಾಗೆಯೇ ಇಟ್ಟುಕೊಂಡಿತು. ಎತ್ತಿದರೆ ತಲೆ ಜೋಲಿತು. ನಡೆದರೆ ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ. ಗುಬ್ಬೀ, ನಾನು ಲಾಂಡ್ರಿಗೆ ಓಡಿ ಅರ್ಧ ದಿನ ಬಿಡಿ ಅಂದೆ. ಉದ್ದ ಕೈಯವನು ನನ್ನ ಪಾಲಿನ ಬಟ್ಟೆಯನ್ನೂ ತಾನೊಬ್ಬನೇ ಮಡಚಲು ಒಪ್ಪಿದ. ನಾನು ಸಾಹೇಬನನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು, ಮಲಗಿದ್ದ ಬೇಕರಿಯವನನ್ನೂ ಎಬ್ಬಿಸಿಕೊಂಡು, ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದೆ. ಬಿಸಿಲಿನಲ್ಲಿ ಆ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು. ಹುಬ್ಬಿನಲ್ಲೆಲ್ಲ ಹಿಟ್ಟು. ಡಾಕ್ಟರಮ್ಮ ಬಾಯಿ ನೋಡಿದರು, ಹೊಟ್ಟೆ ಒತ್ತಿದರು, ಜ್ವರ ನೋಡಿದರು. "ಮಲಗುತ್ತಾ?" ಅಂತ ಕೇಳಿದರು. ನಾನು, "ಇಲ್ಲ ಮೇಡಂ, ನಾನಿದ್ರೆ ಮಲಗೋದೇ ಇಲ್ಲ, ಅಷ್ಟು ಪ್ರೀತಿ" ಅಂದೆ. ಬೇಕರಿಯವನು ನನ್ನನ್ನು ಪಕ್ಕಕ್ಕೆ ತಳ್ಳಿ, "ನನ್ನ ಹತ್ರಾನೂ ಅಷ್ಟೇ ಮೇಡಂ. ಎಷ್ಟೊತ್ತಿಗೆ ಬನ್ನು ಅಂದ್ರೂ ಟಣ್ ಅಂತ ಎದ್ದುಬಿಡುತ್ತೆ" ಅಂದ. ಆಯಮ್ಮ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅವನದು. "ನಿಮ್ಮಿಬ್ಬರ ಮಧ್ಯೆ ಇದು ಮಲಗೋದು ಯಾವಾಗ?" ಅಂದರು.

ಈ ವಯಸ್ಸಿನ ಮರಿ ದಿನದ ಮುಕ್ಕಾಲು ಭಾಗ ಮಲಗಬೇಕಂತೆ. ಬೇರೆ ರೋಗವೇನೂ ಇಲ್ಲ, ಮಲಗಲು ಬಿಟ್ಟುಬಿಡಿ ಸಾಕು, ಬಿಡದಿದ್ದರೆ ಉಳಿಯೋದು ಕಷ್ಟ ಅಂದರು. ದಾರಿಯುದ್ದಕ್ಕೂ ನಾವಿಬ್ಬರೂ "ನೀನೇ ಎಬ್ಬಿಸಿದ್ದು", "ನಿನ್ನ ಗೊರಕೆಗೆ ಸತ್ತ ಹೆಣ ಎದ್ದು ಕೂರುತ್ತೆ" ಅಂತ ಕಿತ್ತಾಡಿಕೊಂಡು ಬಂದೆವು. ಈಗ ಕರೆಯುವುದಿಲ್ಲ, ಮುಟ್ಟುವುದಿಲ್ಲ ಅಂತ ಒಪ್ಪಂದ. ಕೆಲಸದಿಂದ ಬಂದು ಕಳ್ಳನ ಹಾಗೆ ಗೋಡೆ ಸವರಿಕೊಂಡು ಒಳಗೆ ಬರುತ್ತೇನೆ. ದೀಪವಿಲ್ಲ, ರೇಡಿಯೋ ಇಲ್ಲ. ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ಸದ್ದಾಗದಂತೆ ನುಂಗುತ್ತೇನೆ. ಅದು ಒಂದು ಕಣ್ಣು ತೆರೆದು ನೋಡಿದರೆ, ಮೇಷ್ಟ್ರು ಶಿಕ್ಷೆ ಕೊಟ್ಟ ಹುಡುಗನ ಹಾಗೆ ಗೋಡೆ ಕಡೆ ತಿರುಗಿ ನಿಲ್ಲುತ್ತೇನೆ. ಬಾಯಿ ತುಂಬ ಮಾತು, ಕಿಟಕಿ ಮುಚ್ಚಿದೆ, ಕೈಯಳತೆಯಲ್ಲಿ ಒಂದು ಬಾಲ ಅಲ್ಲಾಡುತ್ತಿದೆ, ಮುಟ್ಟುವಂತಿಲ್ಲ. ಜೈಲಿನಲ್ಲಾದರೂ ಪಕ್ಕದವನ ಜೊತೆ ಮಾತಾಡಬಹುದು. ಮನೆಯೊಡತಿಗೆ ಮಾತ್ರ ನಾವು ಈಗ ಬಹಳ ಮರ್ಯಾದಸ್ಥರು, ಮೆಟ್ಟಿಲಲ್ಲಿ ಸಿಕ್ಕಿ ಹೊಗಳಿದಳು. ಸಾಹೇಬ ನಿನ್ನೆಯಿಂದ ಹಾಲು ಕುಡಿಯುತ್ತಿದ್ದಾನೆ.

ಹಾಗೆ ಗೋಡೆ ನೋಡುತ್ತಾ ನಿಂತಾಗ ನೀನು ನೆನಪಾದೆ. ಅಲ್ಲಿ ಅಣ್ಣ "ಗುಬ್ಬೀ, ಇಕ್ಕಳ ಎಲ್ಲಿ? ಗುಬ್ಬೀ, ಈ ಮುಳ್ಳು ನೋಡು" ಅನ್ನುತ್ತಾನೆ. ಇಲ್ಲಿಂದ ನಾನು "ಗುಬ್ಬೀ, ಪತ್ರ ಯಾಕೆ ತಡ?" ಅನ್ನುತ್ತೇನೆ. ಕರೆದ ತಕ್ಷಣ ಎದ್ದು ಬರುತ್ತಾಳೆ ನಮ್ಮ ಹುಡುಗಿ ಅಂತ ಇಬ್ಬರೂ ಕಂಡಕಂಡವರ ಹತ್ತಿರ ಜಂಬ ಕೊಚ್ಚುತ್ತೇವೆ. ಇದನ್ನು ಬಿಡು. ಬೇಡ, ಬಿಡಬೇಡ, ಇದನ್ನೇ ಜೋರಾಗಿ ಓದು. ಅಣ್ಣಾ, ಕೇಳಿಸಿತಾ? ಚಿಕ್ಕಂದಿನಲ್ಲಿ ನಮ್ಮಮ್ಮ ಕೆಲಸಕ್ಕೆ ಹೋದಾಗ ಒಲೆಯ ಮುಂದೆ ಕೂತು ನನಗೆ ಅನ್ನ ಮಾಡಿ ಹಾಕಿದವನು ನೀನು, ಹೊಗೆಯಲ್ಲಿ ಆಗಲೂ ನಿನಗೆ ಕಣ್ಣು ಕಾಣುತ್ತಿರಲಿಲ್ಲ. ಗುಬ್ಬಿ ಹೋಗಲಿ ಬಿಡು, ಔಷಧಿ ಬಿಡುವುದಕ್ಕೆ ಪಕ್ಕದ ಮನೆಯ ಟೈಲರಕ್ಕ ಇದ್ದಾಳೆ. ಸೂಜಿಗೆ ದಾರ ಪೋಣಿಸುವವಳಿಗೆ ನಿನ್ನ ಕಣ್ಣು ಯಾವ ಲೆಕ್ಕ? ಸಿಟ್ಟು ಬಂದರೆ ನನ್ನನ್ನು ಬೈದುಕೋ, ಮೊದಲಿನಿಂದ ಅಭ್ಯಾಸವಿದೆ.

ಸಾಹೇಬ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಕಾಲು ಜೋಮು ಹಿಡಿದಿದೆ, ಅಲ್ಲಾಡಿಸುವ ಹಾಗಿಲ್ಲ. ಅಣ್ಣನ ಕಾಲಿಗೆ ನನ್ನ ನಮಸ್ಕಾರ ಹೇಳು, ಟೈಲರಕ್ಕನನ್ನು ಕೇಳಿದೆ ಅನ್ನು. ನಿನಗೆ ನನ್ನ ಆಯಸ್ಸಿನಲ್ಲಿ ಒಳ್ಳೆಯ ಭಾಗ ಯಾವುದಿದೆಯೋ ಅದೆಲ್ಲ ಸಿಗಲಿ.

ಇತಿ,
ನಿನ್ನ ಒಬ್ಬನೇ ಒಬ್ಬ ಚಿಕ್ಕಪ್ಪ

ಮರೆತಿದ್ದೆ: ಇದನ್ನು ನೀನೊಬ್ಬಳೇ ಓದಿಕೋ. ನಾನು ಬರಲಾರೆ. ಲಾಂಡ್ರಿಯ ಮೇಲ್ವಿಚಾರಕನನ್ನು ರಜೆ ಕೇಳಿದೆ. ನನ್ನ ಕಾಗದಪತ್ರವೆಲ್ಲ ಅವನ ಬೀರುವಿನಲ್ಲಿದೆ, ಅದಿಲ್ಲದೆ ಇಲ್ಲಿಂದ ಹೊರಡುವಂತಿಲ್ಲ, ಕೆಲಸದ ಅವಧಿ ಮುಗಿಯುವ ತನಕ ಬೀಗ ತೆಗೆಯುವುದಿಲ್ಲವಂತೆ. "ಮನೇಲಿ ಯಾರಾದ್ರೂ ಹೋಗಿಬಿಟ್ರಾ?" ಅಂದ. ಇಲ್ಲ ಸ್ವಾಮಿ, ಹೋಗಬೇಕು, ನಮ್ಮ ಹುಡುಗಿ ರೈಲು ಓಡಿಸೋಕೆ ಅಂದೆ. ನಕ್ಕು ಕಳಿಸಿದ. ಆದ್ದರಿಂದ ನನ್ನ ದಾರಿ ಕಾಯಬೇಡ, ಹೊರಡು. ಹೊರಟಾಗ ಬಾಗಿಲಲ್ಲಿ ನಿಂತು ತಿರುಗಿ ನೋಡಬೇಡ, ನೋಡಿದರೆ ಅಣ್ಣ ಕರೆದೇ ಕರೆಯುತ್ತಾನೆ. ಅಲ್ಲಿ ನಾನಿದ್ದಿದ್ದರೂ ಕರೆಯುತ್ತಿದ್ದೆ.