ಮಠದ ಒಲೆ

ಮಠದ ಓಣಿ, ಮಸ್ಕಿ

ಮನೆ ಮಾಲೀಕರಾದ ಅಮರಗುಂಡಪ್ಪನವರಿಗೆ, ನಿಮ್ಮ ಬಾಡಿಗೆ ಮನೆಯ ಹಸೀನಾಬೀಯ ಸಲಾಮು.

ಅಡುಗೆಮನೆಯ ಹಳೇ ಒಲೆ ಕೆಡವಿ ಗ್ಯಾಸಿಗೆ ಗ್ರಾನೈಟ್ ಕಟ್ಟೆ ಕಟ್ಟಿಸುತ್ತೇನೆಂದು ಲಿಂಗಸುಗೂರಿನಿಂದ ಹೇಳಿ ಕಳಿಸಿದ್ದೀರಿ. ಸಂತೋಷ. ಕಟ್ಟೆಯನ್ನು ಕಿಟಕಿಯ ಕಡೆಗೆ ಕಟ್ಟಿಸಿ, ಒಲೆಯನ್ನು ಮುಟ್ಟಬೇಡಿ. ಗೌಂಡಿ ಬಂದಾಗ ಅದರ ಮೇಲಿನ ಮಾಳಿಗೆ ಸೋರುವುದನ್ನು ನಿಲ್ಲಿಸಿದರೆ ಸಾಕು.

ಈ ಮನೆ ಮಠವಾಗಿದ್ದಾಗ, ಹಳ್ಳದ ದಂಡೆಯ ನಮ್ಮ ಓಣಿಯಲ್ಲಿ ಯಾರ ಮದುವೆಯಾದರೂ ಅಡುಗೆಗೆ ಮೊದಲ ಕೆಂಡ ದಾಸೋಹದ ಈ ಒಲೆಯಿಂದಲೇ ಹೋಗುತ್ತಿತ್ತಂತೆ. ಮಠ ನಿಂತುಹೋಯಿತು, ಮನೆ ಭತ್ತದ ಗೋದಾಮಾಯಿತು, ಈಗ ನಾವಿದ್ದೇವೆ. ಆದರೂ ಮೊನ್ನೆ ಎದುರುಮನೆಯ ಗುರುಲಿಂಗಮ್ಮ ಮೊಮ್ಮಗಳ ಮದುವೆಗೆಂದು ಕೆಂಡ ಒಯ್ಯಲು ಸಗಣಿಯ ಕುಳ್ಳು ಹಿಡಿದು ಬಂದರು.

“ಈಗ ಮಠ ಎಲ್ಲೈತ್ರೀ ಅಮ್ಮಾ?” ಎಂದೆ.

“ಸ್ವಾಮಿಗೋಳು ಹೋಗ್ಯಾರ, ಒಲಿ ಹೋಗಿಲ್ಲಲ್ಲ? ಹಚ್ಚು,” ಎಂದರು.

ಬಿಸ್ಮಿಲ್ಲಾ ಎಂದು ಹಚ್ಚಿ ಕೊಟ್ಟೆ.

ಬರುವ ತಿಂಗಳು ನನ್ನ ಮಗಳು ಮಹೆಕ್‌ಳ ನಿಕಾಹ್. ಬಿರಿಯಾನಿಯ ಭಟ್ಟಿ ಹಳ್ಳದ ಬಯಲಿನಲ್ಲಿ. ಗುರುಲಿಂಗಮ್ಮ ಈಗಲೇ ಬಂದು ತಾಕೀತು ಮಾಡಿ ಹೋಗಿದ್ದಾರೆ: “ನಿಮ್ಮ ಅಡಿಗಿ ನಾ ಉಣ್ಣಂಗಿಲ್ಲ. ಆದ್ರ ಮಠದ ಬೆಂಕಿ ಮಾತ್ರ ನಾನ ಒಯ್ದು ಹಚ್ಚಾಕಿ.”

ಇಂತಿ,
ಮಠದ ಮನೆಯ ಹಸೀನಾಬೀ