ಹಿಂದಿನ ಬೆಂಚಿನ ದನಿ

ಅಕ್ಕನಿಗೆ, ಕರ್ತನ ಸಮಾಧಾನ ನಿನ್ನ ಮನೆಯಲ್ಲಿರಲಿ.

ಅಮ್ಮನನ್ನು ನೀನು ನನಗೆ ತಿಳಿಸದೆ ಮಣ್ಣುಮಾಡಿದೆ. ಆ ಸಿಟ್ಟಿಗೆ ಒಂಬತ್ತು ವರ್ಷ, ಚರ್ಚಿನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗಲೆಲ್ಲ ಬಾಯಿ ಬಿಗಿದುಕೊಂಡೆ.

ಈಚೆಗೆ ಆ ಸಾಲನ್ನು ನನ್ನ ಬೆನ್ನ ಹಿಂದೆ ಯಾರೋ ಹೇಳತೊಡಗಿದರು. ಅಮ್ಮನದೇ ದನಿ, ಅದೇ ಕೆಮ್ಮು. ತಿರುಗಿದರೆ ಬೆಂಚು ಖಾಲಿ.

"ಏನತ್ತಿಗೆ, ಕತ್ತು ಉಳುಕ್ತಾ?" ಎಂದು ಪಕ್ಕದಲ್ಲಿದ್ದ ನಾದಿನಿ ನಕ್ಕಳು. ಅವಳಿಗೇನೂ ಕೇಳಿಸಿರಲಿಲ್ಲ.

ಕಳೆದ ಭಾನುವಾರ ಆ ದನಿ, "ಇನ್ನು ನೀನೇ ಹೇಳೇ, ನಂಗೆ ಸಾಕಾಯ್ತು" ಅಂದಿತು. ನಿನ್ನ ಮುಖ ನೆನೆದು ಆ ಸಾಲು ಹೇಳಿದೆ. ಬಾಯಿಮಾತಿಗಲ್ಲ ಅಕ್ಕ, ನಿನ್ನನ್ನು ಕ್ಷಮಿಸಿದ್ದೇನೆ. ಆಮೇಲೆ ಹಿಂದೆ ಸದ್ದಿಲ್ಲ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಮ್ಮನ ಸಮಾಧಿ ಎಲ್ಲಿದೆಯೆಂದು ಇದುವರೆಗೆ ಯಾರನ್ನೂ ಕೇಳಿಲ್ಲ. ನೀನೇ ಕೈಹಿಡಿದು ತೋರಿಸು.

ಇಂತಿ ನಿನ್ನ ತಂಗಿ