ಬಿಸಿಯಾದ ಮೇಲೆ ಬರುವ ಕೆಂಪು ದೀಪ

ಮಾರ್ಚ್ ೪, ಬೆಳಿಗ್ಗೆ

ಮತ್ತೆ ಅದೇ ಎರರ್ ಕೋಡ್. ಮಹಡಿಯ ಕಿಟಕಿಯಿಂದಲೇ ಗೊತ್ತಾಯಿತು. ಮೊಮ್ಮಗಳು ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು. ಅವಳ ಅಪ್ಪ, ನನ್ನ ಮಗ, ಸೊಂಟಕ್ಕೆ ನೋವಿನ ಬೆಲ್ಟ್ ಬಿಗಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಯಾರ್ಡ್ ತುಂಬ ಅವನು ಮಾರಲು ತಂದ ಹಳೆಯ ಎಕ್ಸ್‌ಕವೇಟರ್‌ಗಳು. ಬೈಸಿಕೊಂಡ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿವೆ. ಈ ಹಳದಿಯದ್ದು ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ.

ತಿಂಡಿಗೆ ಬಂದಾಗ ಕೇಳಿದೆ, "ಏನಂತೆ ಅದಕ್ಕೆ?"

"ಆಯಿಲ್ ಪ್ರೆಷರ್ ಕಮ್ಮಿ ಅಂತ ತೋರಿಸ್ತಿದೆ ಅಜ್ಜಿ. ಬಿಸಿಯಾದ್ಮೇಲೆ ಮಾತ್ರ. ತಣ್ಣಗಿದ್ದಾಗ ಸುಮ್ನಿರುತ್ತೆ."

"ನಿಮ್ಮಪ್ಪನ ಹಾಗೇ."

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸೆನ್ಸರ್ ಸುಳ್ಳು ಹೇಳ್ತಿದೆ ಅಷ್ಟೆ. ಬೇರೆ ಹಾಕು."

ಮಾರ್ಚ್ ೬

ಬೇರೆ ಹಾಕಿದಳು. ಅದೂ ಅದನ್ನೇ ಹೇಳಿತು. ಇದೂ ಕೆಟ್ಟದ್ದು ಅಂದ ಮಗ. ಇನ್ನೊಂದು ತರಿಸಿದ. ಅದೂ... ಈಗ ತಪ್ಪು ವೈರಿಂಗಿನದಂತೆ. ಅಪ್ಪ ಮಗಳು ಇಡೀ ದಿನ ವೈರಿನ ಬೆನ್ನು ಹತ್ತಿದ್ದರು. ಸಂಜೆಗೆ ಇಬ್ಬರ ಕೈಯೂ ಕಪ್ಪು, ಮುಖವೂ ಕಪ್ಪು.

ಎಂಜಿನ್ ನನಗೆ ಗೊತ್ತಿಲ್ಲ. ಆದರೆ ಒಬ್ಬರಾದ ಮೇಲೆ ಒಬ್ಬರು ಬಂದು ಒಂದೇ ಮಾತು ಹೇಳಿದರೆ, ಹೇಳಿದವರನ್ನೆಲ್ಲ ಮನೆಯಿಂದ ಆಚೆ ಹಾಕುವುದು ಯಾವ ನ್ಯಾಯವೋ.

ಮಾರ್ಚ್ ೭, ಮಧ್ಯಾಹ್ನ

ಮೊಮ್ಮಗಳು ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಗೇಜ್ ಕೂರಿಸಿದಳು. ಅದಕ್ಕೆ ವೈರಿಲ್ಲ, ಕರೆಂಟಿಲ್ಲ. ಆಯಿಲ್ ತಳ್ಳಿದಷ್ಟು ಮುಳ್ಳು ಏಳುತ್ತದೆ. ನಾನೂ ಕುರ್ಚಿ ಹಾಕಿಸಿಕೊಂಡು ಕೂತೆ. ಮೊದಲು ಚೆನ್ನಾಗಿಯೇ ಎದ್ದಿತ್ತು. ಎಂಜಿನ್ ಬಿಸಿಯಾಗುತ್ತ ಆಗುತ್ತ ಇಳಿಯಿತು... ಇಳಿದು ಇಳಿದು ಮಲಗಿಯೇ ಬಿಟ್ಟಿತು.

"ಅಪ್ಪ, ಸೆನ್ಸರ್ ನಿಜಾನೇ ಹೇಳ್ತಿತ್ತು. ಒಳಗೆ ಬೇರಿಂಗ್ ಸವೆದಿದೆ. ಹೀಗೇ ಓಡಿಸಿದ್ರೆ ಒಂದಿನ ಎಂಜಿನ್ ಹಿಡ್ಕೊಂಡು ನಿಂತ್ಬಿಡುತ್ತೆ."

ಮಗ ಗೇಜನ್ನೇ ನೋಡುತ್ತ ನಿಂತ. ಹರಾಜಿನಲ್ಲಿ ತಾನೇ ಆರಿಸಿ ತಂದದ್ದು. ಪರದೆಯ ಮೇಲೆ ಒಂದು ಕೋಡೂ ಇಲ್ಲ ಅಂತ ಅವತ್ತು ಎಷ್ಟು ಹಿಗ್ಗಿದ್ದ. ಯಾರೋ ಅಳಿಸಿ ಕೊಟ್ಟಿದ್ದರು.

"ಆಪರೇಟರ್ ಗುರುವಾರ ನೋಡೋಕೆ ಬರ್ತಾನೆ. ಕೋಡ್ ಅಳಿಸಿಡು," ಅಂದ.

ಇದಕ್ಕೆ ನಮ್ಮ ಯಾರ್ಡ್‌ನಲ್ಲಿ ಮುಖ ತೊಳೆಸುವುದು ಅನ್ನುತ್ತಾರೆ. ಗಿರಾಕಿ ಬರುವ ಮುಂಚೆ ಲ್ಯಾಪ್‌ಟಾಪಿನಲ್ಲಿ ಕೋಡ್ ಅಳಿಸಬೇಕು. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಬಕೆಟ್ ಎತ್ತಿಳಿಸಿ ತೋರಿಸಿ, ಆಫ್. ಅಷ್ಟರಲ್ಲಿ ಯಾವ ದೀಪವೂ ಬರುವುದಿಲ್ಲ.

ಮಾರ್ಚ್ ೯

ಈ ಆಪರೇಟರ್ ಹೊರಗಿನವನಲ್ಲ. ನಮ್ಮ ಮಷೀನು ಓಡಿಸಿಯೇ ಕೂದಲು ನರೆತವನು. ಈಗ ಬೇರೆ ಕಡೆ ಇದ್ದಾನೆ. ಸ್ವಂತದ್ದೊಂದು ಬೇಕು ಅಂತ ಅಲ್ಲಿಯ ಕೆಲಸವನ್ನೂ ಬಿಡುತ್ತಿದ್ದಾನೆ. ಇದರ ಎಂಜಿನ್ ಕೂತುಕೊಂಡರೆ ಅವನೂ ಕೂತ ಹಾಗೆಯೇ.

"ಅಳಿಸಲ್ಲ," ಅಂದಳು ಮೊಮ್ಮಗಳು. "ಬೇಕಾದ್ರೆ ನೀನೇ ಅಳಿಸ್ಕೋ ಅಪ್ಪ. ನಾನು ಬೇರೆ ವರ್ಕ್‌ಶಾಪ್ ನೋಡ್ಕೋತೀನಿ."

"ನನಗೆ ಟೋಪಿ ಹಾಕಿದಾಗ ಯಾರು ಬಂದಿದ್ರು ಹೇಳೋಕೆ?"

ಹೇಳುವಾಗ ಅವನ ದನಿ ಒಡೆಯಿತು. ಬೈಯಬೇಕು ಅಂತ ಬಾಯಿ ತೆರೆದೆ. ಬೈಗುಳ ಬರಲಿಲ್ಲ. ನನಗೇ ಆಶ್ಚರ್ಯ.

ಮಾರ್ಚ್ ೧೧, ಬೆಳಿಗ್ಗೆ

ಸೆನ್ಸರ್ ಮತ್ತೆ ಕೂರಿಸಿ ಕೋಡ್ ಅಳಿಸಿದ. ತಾನೇ. ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ. ಮೊಮ್ಮಗಳ ಬ್ಯಾಗು ಬಾಗಿಲ ಹತ್ತಿರ ಬಂದು ಕೂತಿದೆ.

ಮಾರ್ಚ್ ೧೨, ಗುರುವಾರ ಸಂಜೆ

ಆಪರೇಟರ್ ಬಂದ. ಮದುಮಗನ ಹಾಗೆ ಹೊಸ ಅಂಗಿ. ಮಗ ಸ್ಟಾರ್ಟ್ ಮಾಡಿದ. ದೀಪ ಬರಲಿಲ್ಲ. ಬಕೆಟ್ ಎತ್ತಿಳಿಸಿದ. ಆಪರೇಟರ್ ಮುಖ ಅರಳಿತು. ಮಗನ ಕೈ ಮತ್ತೆ ಕೀ ಕಡೆಗೆ...

"ಆಫ್ ಮಾಡಬೇಡ ಕಣೋ," ಅಂದೆ ಮೆಟ್ಟಿಲಿನಿಂದ. "ಆ ಸದ್ದು ಕೇಳ್ತಾ ಟೀ ಕುಡೀಲಿ ಅವನು."

"ಡೀಸೆಲ್ ಸುಮ್ನೆ ಉರಿಯುತ್ತಮ್ಮ."

"ಉರೀಲಿ. ಆಮೇಲೆ ಅವನ ಹೊಟ್ಟೆ ಉರಿಯೋದಕ್ಕಿಂತ ವಾಸಿ."

ಆಮೇಲೆ ಶುರು ಹಚ್ಚಿಕೊಂಡೆ. ಅವನ ಹೆಂಡತಿಯ ಮಂಡಿನೋವು, ಅತ್ತೆಯ ಕಿವುಡು, ದೊಡ್ಡ ಅಳಿಯನ ಜಗಳ, ಯಾರನ್ನೂ ಬಿಡಲಿಲ್ಲ.

"ಅಮ್ಮಾ, ಹೊತ್ತಾಯ್ತು, ನಾನು ಅಣ್ಣನ ಹತ್ರ ಮಾತು ಮುಗಿಸಿ..."

"ಕೂತ್ಕೊಳ್ಳೋ. ನಿನ್ನ ಭಾಮೈದ ಇನ್ನೂ ಹಾಗೇ ಕುಡೀತಾನಾ?"

ಪಾಪ, ಭಾಮೈದ ಕುಡಿಯುವವನೇ ಅಲ್ಲ. ಅದು ನನಗೂ ಗೊತ್ತು. ನನ್ನನ್ನು ಒಪ್ಪಿಸಲು ಅವನಿಗೆ ಇನ್ನೊಂದು ಟೀ ಹಿಡಿಯಿತು. ಟೀ ತಂದ ಮೊಮ್ಮಗಳು ನನ್ನ ಮುಖ ನೋಡಿದಳು, ತುಟಿ ಕಚ್ಚಿಕೊಂಡು ಒಳಗೆ ಹೋದಳು. ಮಗನಿಗೂ ಅರ್ಥವಾಗಿತ್ತು. ಕ್ಯಾಬಿನ್ ಪಕ್ಕದಲ್ಲೇ ನಿಂತಿದ್ದ, ಕೀ ಕೈಗೆ ಎಟುಕುತ್ತಿತ್ತು. ಬೆವರು ಒರೆಸಿಕೊಂಡ. ತಿರುಗಿಸಲಿಲ್ಲ.

ಕೆಂಪು ದೀಪ ಬಂತು. ಜೊತೆಗೆ ಪೀಂ ಅಂತ ಸದ್ದು.

ಆಪರೇಟರ್ ಧಡಕ್ಕನೆ ಎದ್ದ. ಟೀ ಹೊಸ ಅಂಗಿಯ ಮೇಲೆ. "ಏನಣ್ಣ ಅದು?"

ಅವನ ಮುಖ ನೋಡಿ ಹೇಳಲಾರದೆ, ಮಗ ಮಷೀನಿನ ಮುಖ ನೋಡಿ ಹೇಳಿದ. "ಬೇರಿಂಗ್ ಹೋಗಿದೆ ಕಣಯ್ಯ. ನಂಗೆ ಗೊತ್ತಿತ್ತು."

ಆಪರೇಟರ್ ಲೋಟ ಕೆಳಗಿಟ್ಟ. ಹೋದ. ಒಂದೆರಡು ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೧೩

ಮಗ ಮಾತು ಬಿಟ್ಟಿದ್ದಾನೆ. ಬಿಡಲಿ. ಬಿಪಿ ಮಾತ್ರೆ ಮಾತ್ರ ತಂದು ತಲೆದೆಸೆಗೆ ಇಟ್ಟು ಹೋದ.

ಮಾರ್ಚ್ ೨೭

ಬರೆಯಲು ಮನಸ್ಸಾಗಿರಲಿಲ್ಲ. ಇಷ್ಟು ದಿನ ಅಪ್ಪ ಮಗಳು ಹಳದಿ ಮಷೀನಿನ ಎಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದರು. ಅವನಿಗೆ ಬಗ್ಗಲಾಗದು. ಅವಳು ಅಡಿಯಲ್ಲಿ ಮಲಗಿ ಕೈ ಹಾಕುತ್ತಾಳೆ, ಅವನು ಮೇಲಿನಿಂದ ಸ್ಪ್ಯಾನರ್ ಕೊಡುತ್ತಾನೆ. ದಿನವೂ ಜಗಳ. ಕೇಳಲು ಹಿತವಾಗಿತ್ತು. ಹಳೆಯ ಬೇರಿಂಗ್ ತಂದು ತೋರಿಸಿದಳು. ಮೇಲಿನ ಬೂದು ಬಣ್ಣ ಸವೆದು ತಾಮ್ರ ಕಾಣುತ್ತಿತ್ತು. ಬಾಗಿಲ ಬಳಿ ಬ್ಯಾಗು ಇಲ್ಲ. ನಾನು ಕೇಳಲೂ ಇಲ್ಲ.

ಸಂಜೆ ಮಗನೇ ಆಪರೇಟರಿಗೆ ಫೋನ್ ಮಾಡಿದ. "ಬೇರಿಂಗ್ ಎಲ್ಲ ಹೊಸದು ಹಾಕಿದೀವಿ. ಬಂದು, ಪೂರ್ತಿ ಬಿಸಿಯಾಗೋವರೆಗೂ ನೋಡು. ಬೇಡ ಅನ್ಸಿದ್ರೆ ಬೇಡ." ಆ ಕಡೆಯಿಂದ ಏನಂದನೋ. ಫೋನ್ ಇಟ್ಟ ಮೇಲೂ ಮಗ ನಿಂತೇ ಇದ್ದ.

ಮಾರ್ಚ್ ೨೮, ಬೆಳಿಗ್ಗೆ

ಬಂದಿದ್ದಾನೆ! ದಿನದ ಅಂಗಿಯಲ್ಲೇ. ಈ ಸಲ ಹೆಂಡತಿಯನ್ನೂ ಕರೆತಂದಿದ್ದಾನೆ. ಬುದ್ಧಿ ಬಂದಿದೆ. ಮಷೀನು ಓಡುತ್ತಿದೆ, ಕೆಳಗೆ ಯಾರ ಬಾಯಲ್ಲೂ ಮಾತಿಲ್ಲ. ನಾಲ್ವರೂ ಉಸಿರು ಬಿಗಿಹಿಡಿದು ಕ್ಯಾಬಿನ್ನಿನೊಳಗೆ ಇಣುಕುತ್ತಿದ್ದಾರೆ.

ಈಗ ಮಗ ಕಿಟಕಿಯ ಕಡೆ ತಲೆ ಎತ್ತಿದ.

"ಅಮ್ಮಾ, ಕೆಳಗೆ ಬಾರಮ್ಮ. ಬಿಸಿಯಾಗೋಕೆ ಇನ್ನೂ ಹೊತ್ತಿದೆ. ಇವರ ಹತ್ರ ಏನಾದ್ರೂ ಮಾತಾಡ್ತಿರು."

ಬಂದೆ ಅಂದೆ. ಹಾಳಾದ್ದು, ಈ ಪೆನ್ನಿನ ಮುಚ್ಚಳ ಎಲ್ಲಿ ಬಿತ್ತೋ. ಇರಲಿ, ಮೊದಲು ಆ ಹೆಂಗಸಿನ ಮಂಡಿನೋವು ವಿಚಾರಿಸಬೇಕು —